ಶಿಳ್ಳೆ ಊದಿದ ಮೇಲಿನ ಆಟ

ಪ್ರಶ್ನೆ: ನಾವು ಮೂಲತಃ ಮಂಡ್ಯ ಜಿಲ್ಲೆಯವರು, ಇಪ್ಪತ್ತೆರಡು ವರ್ಷಗಳಿಂದ ಅಮೆರಿಕದ ಒಹಾಯೊ ರಾಜ್ಯದಲ್ಲಿದ್ದೇವೆ. ನಮ್ಮ ಮಗನಿಗೆ ಹತ್ತೊಂಬತ್ತು ವರ್ಷ. ಕಾಲೇಜು ಕ್ರೀಡೆಗಳ ಮೂರನೆಯ ಡಿವಿಷನ್ನಿನ, ಅಂದರೆ ಮೂರನೆಯ ಹಂತದ, ಒಂದು ಚಿಕ್ಕ ಕಾಲೇಜಿನಲ್ಲಿ ಎರಡನೆಯ ವರ್ಷ ಓದುತ್ತಾ, ಅಲ್ಲಿನ ಅಮೆರಿಕನ್ ಫುಟ್‌ಬಾಲ್ ತಂಡದಲ್ಲಿ, ರಕ್ಷಣೆಯ ಮುಂಚೂಣಿ ಸಾಲಿನ ಹಿಂದೆ ನಿಲ್ಲುವ ಲೈನ್‌ಬ್ಯಾಕರ್ ಆಗಿ ಆಡುತ್ತಾನೆ. ಕಳೆದ ಪಂದ್ಯದ ಕೊನೆಯ ಕ್ವಾರ್ಟರಿನಲ್ಲಿ, ಮೂರನೆಯ ಡೌನ್‌ನಲ್ಲಿ (ಹತ್ತು ಗಜ ಮುಂದೆ ಸಾಗಲು ಸಿಗುವ ನಾಲ್ಕು ಅವಕಾಶಗಳಲ್ಲಿ ಮೂರನೆಯದರಲ್ಲಿ), ಚೆಂಡು ಹಿಡಿದು ಬಂದವನನ್ನು ಒಬ್ಬನೇ ಕೆಡವಿದ. ಆದರೆ ಬಿದ್ದವನ ಮೇಲೆ ನಿಂತು ಬೆರಳು ತೋರಿಸಿ ಕೂಗಾಡಿದ್ದರಿಂದ ಹದಿನೈದು ಗಜಗಳ ದಂಡ ಬಿದ್ದು, ಎದುರಾಳಿಗಳಿಗೆ ಹೊಸದಾಗಿ ನಾಲ್ಕು ಅವಕಾಶಗಳು ಸಿಕ್ಕಿ, ತಂಡ ಸೋತಿತು. ಕೋಚ್ ಮುಂದಿನ ಪಂದ್ಯಕ್ಕೆ ಅವನನ್ನು ಹೊರಗೆ ಕೂರಿಸಿದ್ದಾರೆ. "ಆಟ ಇದೆ, ಪ್ರಬುದ್ಧತೆ ಇಲ್ಲ" ಎಂದರಂತೆ. ಪಂದ್ಯದುದ್ದಕ್ಕೂ ಆ ಹುಡುಗ ತನ್ನ ಬಣ್ಣವನ್ನೂ ಹೆಸರನ್ನೂ ಹಿಡಿದು ಹೀಯಾಳಿಸುತ್ತಿದ್ದ ಎಂದು ಮಗ ಹೇಳುತ್ತಾನೆ. ನಾನು ಊರಿನಲ್ಲಿ ಕಬಡ್ಡಿ ಆಡಿದವನು. ತೊಡೆ ತಟ್ಟದೆ ಯಾರೂ ರೈಡಿಗೆ ಹೋಗುತ್ತಿರಲಿಲ್ಲ. ಮೈಗೆ ಮೈ ಡಿಕ್ಕಿ ಹೊಡೆಸುವುದನ್ನೇ ಕಲಿಸುವ ಆಟದಲ್ಲಿ ಪ್ರಬುದ್ಧತೆ ಎಂದರೇನು? ಅದು ವಯಸ್ಸಿನೊಂದಿಗೆ ತಾನಾಗಿ ಬರುತ್ತದೆಯೇ, ಕಲಿಸಬಹುದೇ? ನಾನು ಕೋಚ್‌ಗೆ ಫೋನ್ ಮಾಡಬೇಕೇ? ಮಗ ಬೇರೆ ಕಾಲೇಜಿಗೆ ಹೋಗುತ್ತೇನೆ ಎನ್ನುತ್ತಿದ್ದಾನೆ. ಅವನು ಆಡದಿರುವ ಪಂದ್ಯಕ್ಕೆ ನಾವು ಹೋಗಬೇಕೇ ಎಂಬುದೂ ಮನೆಯಲ್ಲಿ ಚರ್ಚೆಯಾಗಿದೆ.

ಉತ್ತರ: ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಹೊತ್ತು ತಡೆದು ನಿಲ್ಲಿಸಿದ್ದು ಕೋಚ್ ಆಡಿದ ಆ ಒಂದು ಮಾತು. ಪ್ರಬುದ್ಧತೆ ಇಲ್ಲ ಎಂಬುದನ್ನು ನಮ್ಮ ಕಿವಿ ಸಂಸ್ಕಾರ ಇಲ್ಲ ಎಂದು ಕೇಳಿಸಿಕೊಳ್ಳುತ್ತದೆ. ಮಗನನ್ನು ಬೆಳೆಸಿದ ರೀತಿಗೇ ಯಾರೋ ಬೆರಳು ತೋರಿಸಿದಂತೆ ತಂದೆ-ತಾಯಿಯ ಮನಸ್ಸು ಕುಗ್ಗುತ್ತದೆ. ಕಾಲೇಜು ಕ್ರೀಡಾಪಟುಗಳ ಆಪ್ತ ಸಲಹೆಗಾರನಾಗಿ ಹಲವು ವರ್ಷ ಇಂಥ ತಂಡಗಳ ನಡುವೆ ಕಳೆದವನಾಗಿ ಹೇಳುತ್ತೇನೆ, ಫುಟ್‌ಬಾಲ್ ಕೋಚ್‌ಗಳು ಆ ಪದವನ್ನು ಅಷ್ಟು ದೊಡ್ಡ ಅರ್ಥದಲ್ಲಿ ಬಳಸುವುದಿಲ್ಲ. ಅವರ ಮನಸ್ಸಿನಲ್ಲಿರುವುದು ಹೆಚ್ಚು ಕಿರಿದಾದ, ಅಳೆದು ನೋಡಬಹುದಾದ, ಅಭ್ಯಾಸದಿಂದ ತಿದ್ದಬಹುದಾದ ಒಂದು ಸಂಗತಿ: ಶಿಳ್ಳೆ ಊದಿದ ಮೇಲೆ ಮುಂದಿನ ಪ್ಲೇ, ಅಂದರೆ ಆಟದ ಮುಂದಿನ ಸುತ್ತು, ಆರಂಭವಾಗುವವರೆಗೆ ಆಟಗಾರ ಏನು ಮಾಡುತ್ತಾನೆ ಎಂಬುದು.

ಈ ಆಟದ ಕಟ್ಟಡವನ್ನು ಒಮ್ಮೆ ಗಮನಿಸಿ. ಒಂದು ಪ್ಲೇ ಸಾಮಾನ್ಯವಾಗಿ ಐದಾರು ಸೆಕೆಂಡುಗಳಲ್ಲಿ ಮುಗಿಯುತ್ತದೆ. ಅದು ಮುಗಿದೊಡನೆ ಮುಂದಿನದಕ್ಕೆ ನಲವತ್ತು ಸೆಕೆಂಡುಗಳ ಗಡಿಯಾರ ಓಡತೊಡಗುತ್ತದೆ. ಮೂರು ಗಂಟೆಗೂ ಮೀರಿ ನಡೆಯುವ ಪಂದ್ಯದಲ್ಲಿ ಚೆಂಡು ನಿಜವಾಗಿ ಚಲಿಸುವ ಹೊತ್ತು ಬಹಳ ಕಡಿಮೆ, ಆಟಗಾರರು ಎದ್ದು, ತಿರುಗಿ, ಮತ್ತೆ ಸಾಲುಗಟ್ಟುವ ಹೊತ್ತೇ ಹೆಚ್ಚು. ಕಾಲ್ಚೆಂಡಿನಲ್ಲಿ ಸಿಟ್ಟು ಬಂದರೆ ಅದು ಓಟದಲ್ಲಿಯೇ ಕರಗಲು ದಾರಿಯಿದೆ, ಏಕೆಂದರೆ ಅಲ್ಲಿ ಆಟ ನಿಲ್ಲುವುದು ಅಪರೂಪ. ಇಲ್ಲಿಯಾದರೋ ಪೂರ್ತಿ ಬಲದಿಂದ ಒಬ್ಬನಿಗೆ ಡಿಕ್ಕಿ ಹೊಡೆದ ಮರುಕ್ಷಣವೇ ನಿಲ್ಲು ಎಂಬ ಆಜ್ಞೆ ಬರುತ್ತದೆ. ರಕ್ತ ಇನ್ನೂ ಕುದಿಯುತ್ತಿರುವಾಗಲೇ ಕೈಕಾಲುಗಳು ಬಿಡುವಾಗಿರುತ್ತವೆ, ಎದುರಾಳಿ ಒಂದು ಗೇಣು ದೂರದಲ್ಲಿರುತ್ತಾನೆ, ಸಾವಿರಾರು ಜನ ಕೂಗುತ್ತಿರುತ್ತಾರೆ. ಹೀಗೆ ಒಂದು ಪಂದ್ಯದಲ್ಲಿ ಹಲವು ಹತ್ತು ಬಾರಿ ನಿಮ್ಮ ಮಗ ಆ ಬಿಡುವನ್ನು ದಾಟಬೇಕು. ಡಿಕ್ಕಿ ಹೊಡೆಯುವುದನ್ನು ಕಲಿಸುವ ಆಟದಲ್ಲಿ ಪ್ರಬುದ್ಧತೆ ಎಲ್ಲಿದೆ ಎಂದು ನೀವು ಕೇಳಿದ್ದೀರಿ. ಅದು ಡಿಕ್ಕಿಯನ್ನು ಮೆದುಗೊಳಿಸುವುದರಲ್ಲಿ ಇಲ್ಲ; ಡಿಕ್ಕಿಯ ನಂತರದ ಆ ಕೆಲವು ಸೆಕೆಂಡುಗಳಲ್ಲಿ ಇದೆ.

ಕಬಡ್ಡಿಯ ಹೋಲಿಕೆ ಅರ್ಧ ದೂರ ಮಾತ್ರ ಬರುತ್ತದೆ. ತೊಡೆ ತಟ್ಟುವವನು ತನ್ನ ಮೈಯನ್ನು ತಾನು ಎಚ್ಚರಿಸಿಕೊಳ್ಳುತ್ತಾನೆ, ನೋಡುವವರನ್ನು ಹುರಿದುಂಬಿಸುತ್ತಾನೆ. ಅದೇ ಕೈಯನ್ನು ಬಿದ್ದವನ ಮುಖದ ಮುಂದೆ ಆಡಿಸಿದರೆ ಊರಿನ ಅಂಕಣದಲ್ಲಿಯೂ ಹಿರಿಯರೊಬ್ಬರು ಎದ್ದು ಬಂದು ಗದರಿಸುತ್ತಿದ್ದರಲ್ಲವೇ? ಅಮೆರಿಕದ ಕಾಲೇಜು ಕ್ರೀಡೆಗಳನ್ನು ನಡೆಸುವ ಎನ್‌ಸಿಎಎ ಸಂಸ್ಥೆಯ ನಿಯಮ ಪುಸ್ತಕವೂ ಇದೇ ಗೆರೆಯನ್ನು ಎಳೆಯುತ್ತದೆ, ಆದರೆ ಅದನ್ನು ಇನ್ನಷ್ಟು ಬಿಗಿಯಾಗಿ ಎಳೆಯುತ್ತದೆ. ತಂಡದವರೊಡನೆ ಸಹಜವಾಗಿ ಸಂಭ್ರಮಿಸುವುದಕ್ಕೆ ಅಡ್ಡಿಯಿಲ್ಲ. ಎದುರಾಳಿಯನ್ನು ಗುರಿಯಾಗಿಸಿದ ಮಾತು, ಸನ್ನೆ, ಕೆಣಕಾಟಗಳಿಗೆ ಹದಿನೈದು ಗಜಗಳ ದಂಡ. ಒಂದೇ ಪಂದ್ಯದಲ್ಲಿ ಇಂಥ ಎರಡು ತಪ್ಪುಗಳಾದರೆ ಆಟಗಾರ ಮೈದಾನದಿಂದ ಹೊರಗೆ. 2011ರಿಂದ ಇನ್ನೊಂದು ಕಟ್ಟುನಿಟ್ಟು ಸೇರಿತು: ಗೋಲು ಗೆರೆ ಮುಟ್ಟುವ ಮೊದಲೇ ಎದುರಾಳಿಯನ್ನು ಅಣಕಿಸಿದರೆ ಆ ಟಚ್‌ಡೌನೇ (ಚೆಂಡನ್ನು ಆ ಗೆರೆ ಮುಟ್ಟಿಸಿ ಗಳಿಸುವ ಆರು ಅಂಕಗಳು) ರದ್ದು. ಆ ವರ್ಷದ ಅಕ್ಟೋಬರಿನಲ್ಲಿ ಲೂಯಿಸಿಯಾನಾ ಸ್ಟೇಟ್ ತಂಡದ ಬ್ರ್ಯಾಡ್ ವಿಂಗ್ ಫ್ಲಾರಿಡಾ ವಿರುದ್ಧ ಚೆಂಡನ್ನು ಒದೆಯುವಂತೆ ನಟಿಸಿ, ಬದಲಿಗೆ ಹಿಡಿದು 52 ಗಜ ಓಡಿ, ಗೆರೆಗೆ ಇನ್ನೂ ಕೆಲವು ಗಜಗಳಿರುವಾಗ ಎರಡೂ ತೋಳುಗಳನ್ನು ಅಗಲಿಸಿದ್ದಕ್ಕೆ ಆರು ಅಂಕಗಳು ಅಳಿಸಿಹೋದವು. ಅಷ್ಟಕ್ಕೇ ಅಷ್ಟು ದೊಡ್ಡ ಶಿಕ್ಷೆ ಏಕೆ ಎಂದು ಅನೇಕರು ಕೇಳಿದರು. ನನಗೂ ಅದು ಸ್ವಲ್ಪ ಅತಿಯೆಂದೇ ಅನ್ನಿಸುತ್ತದೆ. ಆದರೆ ನಿಯಮ ಹಾಗಿದೆ ಎಂದು ಗೊತ್ತಿದ್ದೂ ಅದನ್ನು ಮರೆಯುವುದೇ ಕೋಚ್‌ಗಳು ಹೇಳುವ ಅಪ್ರಬುದ್ಧತೆ.

ನಿಮ್ಮ ಮಗನ ಪ್ರಸಂಗಕ್ಕೆ ತೀರ ಹತ್ತಿರವಾದದ್ದು 2020ರ ಡಿಸೆಂಬರ್ 12ರ ರಾತ್ರಿ ಫ್ಲಾರಿಡಾದ ಮೈದಾನದಲ್ಲಿ ನಡೆಯಿತು. ಫ್ಲಾರಿಡಾ ಮತ್ತು ಲೂಯಿಸಿಯಾನಾ ಸ್ಟೇಟ್ ತಂಡಗಳು 34-34ರಲ್ಲಿ ಸಮನಾಗಿದ್ದವು. ಎರಡು ನಿಮಿಷಕ್ಕೂ ಕಡಿಮೆ ಹೊತ್ತು ಉಳಿದಿತ್ತು. ಮೂರನೆಯ ಡೌನ್‌ನಲ್ಲಿ ಫ್ಲಾರಿಡಾದ ರಕ್ಷಣೆಯವರು ಎದುರಾಳಿಯನ್ನು ಬೇಕಾದ ದೂರಕ್ಕೆ ಮೊದಲೇ ಕೆಡವಿದ್ದರು, ಅಂದರೆ ಚೆಂಡು ತಮಗೇ ಸಿಗುವುದರಲ್ಲಿತ್ತು. ಅಷ್ಟರಲ್ಲಿ ಕಾರ್ನರ್‌ಬ್ಯಾಕ್ ಮಾರ್ಕೊ ವಿಲ್ಸನ್ ಎದುರಾಳಿಯ ಕಾಲಿನಿಂದ ಕಳಚಿ ಬಂದ ಶೂವನ್ನು ಸುಮಾರು ಇಪ್ಪತ್ತು ಗಜ ದೂರ ಎಸೆದ. ಹದಿನೈದು ಗಜಗಳ ದಂಡದೊಂದಿಗೆ ಲೂಯಿಸಿಯಾನಾ ಸ್ಟೇಟ್‌ಗೆ ಹೊಸ ಡೌನ್‌ಗಳು ಸಿಕ್ಕವು, ಇಪ್ಪತ್ಮೂರು ಸೆಕೆಂಡು ಉಳಿದಿರುವಾಗ ಮಂಜು ಮುಸುಕಿದ ಮೈದಾನದಲ್ಲಿ ಅವರ 57 ಗಜಗಳ ಫೀಲ್ಡ್ ಗೋಲ್, ಅಂದರೆ ಮೂರು ಅಂಕ ತರುವ ಒದೆತ, ಕಂಬಗಳ ನಡುವೆ ಹಾದುಹೋಯಿತು, ಫ್ಲಾರಿಡಾ 37-34ರಿಂದ ಸೋತಿತು. ಅವನಲ್ಲಿ ದ್ವೇಷವಿರಲಿಲ್ಲ, ಯಾರಿಗೂ ಪೆಟ್ಟಾಗಲಿಲ್ಲ. ಗೆದ್ದೆವೆಂಬ ಉಬ್ಬರದಲ್ಲಿ ಕೈ ತನ್ನಷ್ಟಕ್ಕೆ ತಾನು ಕೆಲಸ ಮಾಡಿತು. ಅವನು ಬಹಿರಂಗವಾಗಿ ಕ್ಷಮೆ ಕೇಳಿದ, ಮರುವರ್ಷ ವೃತ್ತಿಪರ ಲೀಗಿಗೂ ಆಯ್ಕೆಯಾದ. ಹೀಗಾಗಿ, ಇಂಥ ಒಂದು ಕ್ಷಣದಿಂದ ಹುಡುಗನ ಗುಣವನ್ನು ತೀರ್ಮಾನಿಸಬೇಡಿ ಎಂದು ನಿಮ್ಮನ್ನೂ ನಿಮ್ಮ ಮಗನನ್ನೂ ಕೇಳಿಕೊಳ್ಳುತ್ತೇನೆ.

ಈಗ ಬಣ್ಣ ಮತ್ತು ಹೆಸರಿನ ಮಾತಿಗೆ ಬರುತ್ತೇನೆ. ಅದನ್ನು ನೀವು ಪತ್ರದ ನಡುವೆ ಒಂದೇ ವಾಕ್ಯದಲ್ಲಿ ಹೇಳಿ ಮುಂದೆ ಹೋಗಿದ್ದೀರಿ, ಆದರೆ ನನ್ನ ಮಟ್ಟಿಗೆ ಅದು ಇಡೀ ಪತ್ರದಲ್ಲಿ ಅತ್ಯಂತ ಗಂಭೀರವಾದ ವಾಕ್ಯ. ಪ್ರಬುದ್ಧತೆಯೆಂದರೆ ಅವಮಾನವನ್ನು ನುಂಗಿಕೊಳ್ಳುವುದು ಎಂದು ನಿಮ್ಮ ಮಗ ಅರ್ಥಮಾಡಿಕೊಂಡರೆ ಅದರಿಂದ ಅವನಿಗೆ ಕೆಡುಕೇ ಆಗುತ್ತದೆ. ಅಂಥ ಮಾತು ಮೊದಲ ಬಾರಿ ಕಿವಿಗೆ ಬಿದ್ದಾಗಲೇ ಅವನು ಹತ್ತಿರದ ರೆಫರಿಗೆ ಅದನ್ನು ಹೇಳಬೇಕಿತ್ತು, ಪ್ಲೇಗಳ ನಡುವೆ ತನ್ನ ನಾಯಕನಿಗೂ ಕೋಚ್‌ಗೂ ತಿಳಿಸಬೇಕಿತ್ತು. ಏಕೆಂದರೆ ಒಮ್ಮೆ ಹೇಳಿಟ್ಟರೆ ರೆಫರಿಯ ಕಿವಿ ಅತ್ತ ತಿರುಗಿರುತ್ತದೆ, ಹೇಳದೆ ಒಳಗೇ ಇಟ್ಟುಕೊಂಡರೆ ಅದು ನಾಲ್ಕನೆಯ ಕ್ವಾರ್ಟರಿನವರೆಗೆ ಹುದುಗಿದ್ದು ಕೊನೆಗೆ ತನ್ನ ಕೈಯಿಂದಲೇ ಹೊರಬರುತ್ತದೆ. ಈಗಲೂ ತಡವಾಗಿಲ್ಲ. ಕೇಳಿದ ಮಾತುಗಳನ್ನು, ಯಾವ ಕ್ವಾರ್ಟರಿನಲ್ಲಿ, ಯಾರು ಪಕ್ಕದಲ್ಲಿದ್ದರು ಎಂಬುದನ್ನು ಅವನೇ ಬರೆದು ಕೋಚ್‌ಗೆ ಕೊಡಲಿ. ಅದನ್ನು ಎದುರಾಳಿ ಕಾಲೇಜಿಗೂ ಲೀಗಿನ ಕಚೇರಿಗೂ ಮುಟ್ಟಿಸುವುದು ಕೋಚ್ ಮತ್ತು ಕಾಲೇಜಿನ ಕ್ರೀಡಾ ನಿರ್ದೇಶಕರ ಕರ್ತವ್ಯ. ಆದರೆ ಈ ದೂರನ್ನು ತನಗೆ ಬಿದ್ದ ಶಿಕ್ಷೆಯ ವಿರುದ್ಧದ ವಾದವಾಗಿ ಅವನು ಮುಂದಿಡಬಾರದು. ಎರಡೂ ನಿಜ, ಎರಡೂ ಬೇರೆ ಬೇರೆ. ಒಂದನ್ನು ಇನ್ನೊಂದರ ಗುರಾಣಿಯಾಗಿ ಹಿಡಿದರೆ ಎರಡರ ತೂಕವೂ ಕಡಿಮೆಯಾಗುತ್ತದೆ.

ಕೆಣಕಿದವನಿಗಿಂತ ತಿರುಗಿಬಿದ್ದವನೇ ರೆಫರಿಯ ಕಣ್ಣಿಗೆ ಬೀಳುವುದು ಈ ಆಟದ ಹಳೆಯ ಸಂಕಟ. ಅದರ ಅತಿ ಕಹಿಯಾದ ಉದಾಹರಣೆ 2009ರ ಸೆಪ್ಟೆಂಬರ್ 3ರದು. ಆ ದಿನ ಬಾಯ್ಸಿ ಸ್ಟೇಟ್ ಮೈದಾನದಲ್ಲಿ ಒರೆಗಾನ್ ತಂಡ 19-8ರಿಂದ ಸೋತಿತು. ಆಟ ಮುಗಿದು ಎಲ್ಲರೂ ಮೈದಾನದಲ್ಲಿ ಬೆರೆತಿದ್ದಾಗ ಗೆದ್ದ ತಂಡದ ಬೈರನ್ ಹೌಟ್, ಒರೆಗಾನಿನ ರನ್ನಿಂಗ್ ಬ್ಯಾಕ್ ಲೆಗ್ಯಾರೆಟ್ ಬ್ಲೌಂಟ್‌ನ ಭುಜ ತಟ್ಟಿ ಏನೋ ಹೇಳಿದ. ಬ್ಲೌಂಟ್ ತಿರುಗಿ ಅವನ ದವಡೆಗೆ ಗುದ್ದಿದ, ಬಳಿಕ ಪ್ರೇಕ್ಷಕರ ಕಡೆಗೂ ನುಗ್ಗಲು ಹೋಗಿ, ಹಿಡಿದು ಎಳೆದೊಯ್ಯಬೇಕಾಯಿತು. ದೇಶವೆಲ್ಲ ಆ ದೃಶ್ಯವನ್ನು ಟಿವಿಯಲ್ಲಿ ಮತ್ತೆ ಮತ್ತೆ ನೋಡಿತು. ಮುಖ್ಯ ಕೋಚ್ ಆಗಿ ತಮ್ಮ ಮೊದಲ ಪಂದ್ಯ ಮುಗಿಸಿದ್ದ ಚಿಪ್ ಕೆಲ್ಲಿ ಮರುದಿನವೇ ಅವನನ್ನು ಇಡೀ ಋತುವಿಗೆ ಆಟದಿಂದ ಹೊರಗಿಟ್ಟರು.

ನನಗೆ ಮುಖ್ಯವೆನಿಸುವುದು ಅದರ ಮುಂದಿನ ಭಾಗ. ಬ್ಲೌಂಟ್‌ನ ವಿದ್ಯಾರ್ಥಿವೇತನವನ್ನು ಕಿತ್ತುಕೊಳ್ಳಲಿಲ್ಲ, ತಂಡದೊಂದಿಗೆ ಅಭ್ಯಾಸ ಮಾಡುವುದನ್ನು ತಡೆಯಲಿಲ್ಲ. ಪಂದ್ಯವಿಲ್ಲದ ಆಟಗಾರನಾಗಿ, ಶನಿವಾರ ಬಂದಾಗ ಉಳಿದವರು ಮೈದಾನಕ್ಕಿಳಿಯುವುದನ್ನು ನೋಡುತ್ತಾ, ಅವನು ವಾರದಿಂದ ವಾರಕ್ಕೆ ಬೆವರು ಸುರಿಸಿದ. ಓದು ಮತ್ತು ನಡವಳಿಕೆಯ ಷರತ್ತುಗಳನ್ನು ಪೂರೈಸಿದ ಮೇಲೆ ನವೆಂಬರಿನಲ್ಲಿ ನಿಷೇಧ ತೆರವಾಯಿತು, ಋತುವಿನ ಕೊನೆಯ ಪಂದ್ಯಗಳಲ್ಲಿ ಅವನು ಮತ್ತೆ ಆಡಿದ. 2010ರ ವೃತ್ತಿಪರ ಆಯ್ಕೆಯಲ್ಲಿ ಯಾವ ತಂಡವೂ ಅವನ ಹೆಸರು ಕೂಗಲಿಲ್ಲ. ಆದರೂ ಹಿಂಬಾಗಿಲಿನಿಂದ ಎಂಬಂತೆ ಲೀಗಿಗೆ ಬಂದ ಅದೇ ಮನುಷ್ಯ ಮೂರು ಸೂಪರ್ ಬೌಲ್ (ಆ ಲೀಗಿನ ಅಂತಿಮ ಪಂದ್ಯ) ಗೆದ್ದ ತಂಡಗಳಲ್ಲಿ ಆಡಿದ, 2016ರಲ್ಲಿ ಓಡಿ ಗಳಿಸಿದ 18 ಟಚ್‌ಡೌನ್‌ಗಳೊಂದಿಗೆ ಇಡೀ ಲೀಗಿಗೆ ಮೊದಲಿಗನಾದ. ಶಿಕ್ಷೆ ಕಠಿಣವಾಗಿರಲಿ, ಬಾಗಿಲು ತೆರೆದಿರಲಿ ಎಂಬುದು ನನ್ನ ಅನುಭವದಲ್ಲಿ ಕೆಲಸ ಮಾಡುವ ಏಕೈಕ ಕ್ರಮ. ನಿಮ್ಮ ಮಗನ ಕೋಚ್ ಒಂದು ಪಂದ್ಯಕ್ಕೆ ಕೂರಿಸಿದ್ದಾರೆ, ಅಭ್ಯಾಸಕ್ಕೆ ಬಾ ಎಂದಿದ್ದಾರೆ ಎಂದಾದರೆ ಅವರು ಅವನನ್ನು ಕೈಬಿಟ್ಟಿಲ್ಲ.

ವಯಸ್ಸಿನ ಪ್ರಶ್ನೆ. ಆವೇಗವನ್ನು ತಡೆಹಿಡಿಯುವ ಮಿದುಳಿನ ಮುಂಭಾಗ ಇಪ್ಪತ್ತರ ನಡುವಿನವರೆಗೂ ಬೆಳೆಯುತ್ತಲೇ ಇರುತ್ತದೆ ಎಂಬುದು ಈಗ ಸಾಮಾನ್ಯವಾಗಿ ಒಪ್ಪಿರುವ ವಿಷಯ. ಆದ್ದರಿಂದ ಹತ್ತೊಂಬತ್ತರ ಹುಡುಗನಿಗೂ ಇಪ್ಪತ್ಮೂರರವನಿಗೂ ಅಂತರವಿರುವುದು ಸಹಜ. ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದ ತಂಡದಲ್ಲಿ ಎರಡು ವರ್ಷ ಧರ್ಮಪ್ರಚಾರದ ಸೇವೆ ಮುಗಿಸಿ ಬಂದ ಆಟಗಾರರು ಹಲವರಿರುತ್ತಾರೆ. ಆರು ವರ್ಷ ಬೇಸ್‌ಬಾಲ್‌ನಲ್ಲಿ ಕಳೆದು ಕಾಲೇಜಿಗೆ ಬಂದ ಕ್ರಿಸ್ ವೈಂಕಿ 2000ದಲ್ಲಿ ತಮ್ಮ ಇಪ್ಪತ್ತೆಂಟನೆಯ ವಯಸ್ಸಿನಲ್ಲಿ ಕಾಲೇಜು ಫುಟ್‌ಬಾಲಿನ ಅತಿ ದೊಡ್ಡ ಗೌರವವಾದ ಹೈಸ್ಮನ್ ಟ್ರೋಫಿ ಪಡೆದರು. ವಯಸ್ಸು ನೆರವಾಗುತ್ತದೆ, ಆದರೆ ಅದನ್ನೇ ನಂಬಿ ಕೂರುವಂತಿಲ್ಲ. ನೀವು ಒಹಾಯೊದವರಾದ್ದರಿಂದ ವುಡಿ ಹೇಸ್ ಹೆಸರನ್ನು ಕೇಳಿಯೇ ಇರುತ್ತೀರಿ. ಇಪ್ಪತ್ತೆಂಟು ಋತುಗಳ ಕಾಲ ಒಹಾಯೊ ಸ್ಟೇಟ್ ತಂಡವನ್ನು ಕಟ್ಟಿದ ಆ ಮಹಾನ್ ಕೋಚ್, 1978ರ ಡಿಸೆಂಬರ್ 29ರಂದು ಗೇಟರ್ ಬೌಲ್ ಪಂದ್ಯದ ಕೊನೆಯಲ್ಲಿ, ತನ್ನ ತಂಡದ ಪಾಸನ್ನು ಕಸಿದು ಬದಿಗೆರೆಯ ಬಳಿ ಬಿದ್ದ ಕ್ಲೆಮ್ಸನ್ನಿನ ಚಾರ್ಲಿ ಬೌಮನ್ ಎಂಬ ಆಟಗಾರನ ಕುತ್ತಿಗೆಯ ಬಳಿ ಗುದ್ದಿದರು. ಆಗ ಅವರಿಗೆ ಅರವತ್ತೈದು ವರ್ಷ. ಮರುದಿನ ಅವರನ್ನು ಕೆಲಸದಿಂದ ತೆಗೆದುಹಾಕಲಾಯಿತು. ಶಿಳ್ಳೆಯ ನಂತರದ ಆ ಗಳಿಗೆ ಅನುಭವಸ್ಥರನ್ನೂ ಬಿಡುವುದಿಲ್ಲ. ಅದಕ್ಕಾಗಿ ಪ್ರತ್ಯೇಕವಾಗಿ ಪಳಗಬೇಕು.

ಪಳಗುವುದು ಹೇಗೆ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಉಪದೇಶದಿಂದ ಬದಲಾದ ಆಟಗಾರನನ್ನು ನಾನು ನೋಡಿಲ್ಲ. ಭಾನುವಾರ ತಂಡಗಳು ಪಂದ್ಯದ ವಿಡಿಯೊ ನೋಡುತ್ತವೆ. ಆದರೆ ಆ ವಿಡಿಯೊವನ್ನು ಶಿಳ್ಳೆ ಊದಿದ ಕಡೆ ಕತ್ತರಿಸಿರುತ್ತಾರೆ, ಏಕೆಂದರೆ ಆಟ ಅಲ್ಲಿಗೆ ಮುಗಿಯಿತು. ನಾನು ಕೆಲಸ ಮಾಡುವಾಗ ಕತ್ತರಿಸದ ವಿಡಿಯೊ ಕೇಳಿ ತರಿಸಿಕೊಂಡು, ಆಟಗಾರನ ಪಕ್ಕದಲ್ಲಿ ಕುಳಿತು, ಪ್ರತಿ ಪ್ಲೇ ಮುಗಿದ ಮೇಲಿನ ಐದು ಸೆಕೆಂಡುಗಳನ್ನು ಮಾತ್ರ ನೋಡುತ್ತಿದ್ದೆ. ಮೊದಲ ಸಲ ತನ್ನನ್ನು ಹಾಗೆ ನೋಡಿಕೊಂಡ ಹುಡುಗರು ಬಹುಪಾಲು ಮೌನವಾಗುತ್ತಾರೆ. ತಾನು ಯಾವ ಎದುರಾಳಿಯತ್ತ ಪದೇ ಪದೇ ತಿರುಗುತ್ತೇನೆ, ಯಾವ ಕ್ವಾರ್ಟರಿನಲ್ಲಿ ಭುಜ ಬಿಗಿಯುತ್ತದೆ, ಸ್ನೇಹಿತ ಬಂದು ಎಳೆದಾಗ ಹೇಗೆ ಕೊಸರಿಕೊಳ್ಳುತ್ತೇನೆ ಎಂಬುದು ಅಲ್ಲಿ ಯಾರೂ ಹೇಳದೆಯೇ ಕಾಣುತ್ತದೆ. ನಿಮ್ಮ ಮಗನ ಆ ದಂಡ ಬಿದ್ದ ಪ್ಲೇ ಆಕಸ್ಮಿಕವೋ, ಮೊದಲ ಕ್ವಾರ್ಟರಿನಿಂದಲೇ ಅದು ಕೂಡಿಬರುತ್ತಿತ್ತೋ ಎಂಬುದಕ್ಕೆ ಉತ್ತರ ಆ ಐದೈದು ಸೆಕೆಂಡುಗಳಲ್ಲಿ ಸಿಗುತ್ತದೆ. ನನ್ನ ಊಹೆ ಎರಡನೆಯದು.

ಅದಾದ ಮೇಲೆ ಒಂದು ಚಿಕ್ಕ ವಾಡಿಕೆಯನ್ನು ಕಟ್ಟಿಕೊಳ್ಳಬೇಕು. ಶಿಳ್ಳೆ ಕೇಳಿದೊಡನೆ ಉಸಿರನ್ನು ಉದ್ದವಾಗಿ ಹೊರಬಿಡುವುದು, ಬೆನ್ನನ್ನು ಎದುರಾಳಿಗೆ ತಿರುಗಿಸುವುದು, ಬದಿಗೆರೆಯಲ್ಲಿ ಮುಂದಿನ ಪ್ಲೇಯ ಸನ್ನೆ ಕೊಡುವವರನ್ನು ಕಣ್ಣಿನಿಂದ ಹುಡುಕುವುದು, ಅಷ್ಟೇ. ಕೆಲವರು ಬಿದ್ದವನಿಗೆ ಕೈ ಕೊಟ್ಟು ಎಬ್ಬಿಸುವುದನ್ನು ಇದರ ಭಾಗವಾಗಿಸಿಕೊಳ್ಳುತ್ತಾರೆ. ಅದು ನೋಡಲು ಚೆನ್ನ. ಒಳಗೆ ಕುದಿಯುತ್ತಿರುವವನಿಗೆ ಮಾತ್ರ ಎದುರಾಳಿಯ ಹತ್ತಿರವೇ ಹೋಗದಿರುವುದು ಹೆಚ್ಚು ಕ್ಷೇಮ. ಈ ವಾಡಿಕೆಯನ್ನು ಅಭ್ಯಾಸದ ಮೈದಾನದಲ್ಲಿ, ದಣಿದಿರುವಾಗ, ಸ್ವಂತ ತಂಡದವರೇ ಬೇಕೆಂದು ಕೆಣಕುತ್ತಿರುವಾಗ ನೂರಾರು ಬಾರಿ ಮಾಡಿದರೆ ಮಾತ್ರ ಪಂದ್ಯದಲ್ಲಿ ಅದು ತಾನಾಗಿ ಬರುತ್ತದೆ. ನಮ್ಮ ಗರಡಿಗಳಲ್ಲಿ ಪೈಲ್ವಾನರು ಕಣಕ್ಕಿಳಿದು ಮಟ್ಟಿಯ ಮಣ್ಣು ಮುಟ್ಟಿ, ಕೈ ಕೂಡಿಸಿ, ಆಮೇಲೆ ಪಟ್ಟು ಹಾಕುವುದನ್ನು ನೀವು ನೋಡಿರಬಹುದು. ಆ ಕ್ರಮವನ್ನು ಪ್ರತಿದಿನ ಮಾಡಿಸಿ ಮಾಡಿಸಿ ಮೈಗೆ ಹತ್ತಿಸಿರುತ್ತಾರೆ. ಇನ್ನು ಒಬ್ಬನ ತಪ್ಪಿಗೆ ಇಡೀ ತಂಡವನ್ನು ಓಡಿಸುವ ಶಿಕ್ಷೆ ಅನೇಕ ಕಡೆ ಇದೆ. ಅದರಿಂದ ತಪ್ಪು ಮಾಡಿದವನಲ್ಲಿ ನಾಚಿಕೆ ಹುಟ್ಟುತ್ತದೆ, ಕೌಶಲ ಹುಟ್ಟುವುದಿಲ್ಲ ಎಂಬುದು ನನ್ನ ಅಭಿಪ್ರಾಯ.

ಬೇರೆ ಕಾಲೇಜಿಗೆ ಹೋಗುವ ವಿಚಾರವನ್ನು ಈ ಪ್ರಸಂಗದ ಬಿಸಿಯಲ್ಲಿ ತೀರ್ಮಾನಿಸಬೇಡಿ. 2018ರ ಅಕ್ಟೋಬರಿನಲ್ಲಿ ಟ್ರಾನ್ಸ್‌ಫರ್ ಪೋರ್ಟಲ್, ಅಂದರೆ ಕಾಲೇಜು ಬದಲಿಸಬಯಸುವ ಆಟಗಾರರು ಹೆಸರು ದಾಖಲಿಸುವ ಆನ್‌ಲೈನ್ ಪಟ್ಟಿ, ಬಂದ ಮೇಲೆ ತಂಡ ಬದಲಿಸುವುದು ಹಿಂದೆಂದಿಗಿಂತ ಸುಲಭವಾಗಿದೆ, ಮನಸ್ಸು ಕಹಿಯಾದ ದಿನವೇ ಹೊರಡುವ ಆಸೆಯೂ ಹೆಚ್ಚಿದೆ. ಅದಲ್ಲದೆ ಮೂರನೆಯ ಡಿವಿಷನ್ನಿನಲ್ಲಿ ಆಟಕ್ಕಾಗಿ ವಿದ್ಯಾರ್ಥಿವೇತನ ಇಲ್ಲ. ಅವನು ಆ ಕಾಲೇಜಿಗೆ ಸೇರಿದ್ದು ಓದಿಗಾಗಿ, ಹಾಗಾಗಿ ಬಿಡುವುದಕ್ಕೂ ಓದಿನ ಕಾರಣವೇ ಬೇಕು. ಹೋಗಲೇಬೇಕೋ ಬೇಡವೋ ಎಂಬುದನ್ನು ನಿರ್ಧರಿಸಲು ನಾನು ಪೋಷಕರಿಗೆ ಒಂದೇ ಪರೀಕ್ಷೆ ಹೇಳುತ್ತೇನೆ: ರೆಫರಿಯ ತಪ್ಪು ತಮ್ಮ ಕಡೆಗೆ ಲಾಭವಾಗಿ ಬಂದಾಗ ಆ ತಂಡದ ದೊಡ್ಡವರು ಏನು ಮಾಡುತ್ತಾರೆ, ಅದನ್ನು ನೋಡಿ.

1940ರ ನವೆಂಬರ್ 16ರಂದು, ಸತತ ಹದಿನೆಂಟು ಪಂದ್ಯಗಳಲ್ಲಿ ಸೋಲದೆ ಬಂದಿದ್ದ ಕಾರ್ನೆಲ್ ತಂಡ ನ್ಯೂ ಹ್ಯಾಂಪ್‌ಷೈರಿನಲ್ಲಿ ಡಾರ್ಟ್‌ಮತ್ ವಿರುದ್ಧ ಕೊನೆಯ ಕ್ಷಣಗಳಲ್ಲಿ ಟಚ್‌ಡೌನ್ ಗಳಿಸಿ 7-3ರಿಂದ ಗೆದ್ದಿತು. ಬಳಿಕ ಫಿಲ್ಮ್ ನೋಡಿದಾಗ, ರೆಫರಿಯ ಲೆಕ್ಕ ತಪ್ಪಿ ತಮಗೆ ನಾಲ್ಕರ ಬದಲು ಐದು ಡೌನ್‌ಗಳು ಸಿಕ್ಕಿದ್ದವು, ಗೆಲುವಿನ ಅಂಕಗಳು ಬಂದದ್ದು ಆ ಐದನೆಯದರಲ್ಲಿ ಎಂಬುದು ಸ್ಪಷ್ಟವಾಯಿತು. ಗೆಲುವನ್ನು ಕಿತ್ತುಕೊಳ್ಳುವ ಅಧಿಕಾರ ಯಾರಿಗೂ ಇರಲಿಲ್ಲ. ಕಾರ್ನೆಲ್ಲಿನವರು ತಾವಾಗಿಯೇ ತಂತಿ ಕಳುಹಿಸಿ ಗೆಲುವನ್ನು ಬಿಟ್ಟುಕೊಟ್ಟರು, ಡಾರ್ಟ್‌ಮತ್ ಅದನ್ನು ಒಪ್ಪಿತು, ದಾಖಲೆಯಲ್ಲಿ ಇಂದಿಗೂ ಆ ಪಂದ್ಯ 3-0. ಐವತ್ತು ವರ್ಷಗಳ ನಂತರ, 1990ರ ಅಕ್ಟೋಬರ್ 6ರಂದು, ಮಿಸೌರಿ ವಿರುದ್ಧದ ಪಂದ್ಯದಲ್ಲಿ ಕೊಲರಾಡೊ ತಂಡಕ್ಕೂ ಹಾಗೆಯೇ ಐದನೆಯ ಡೌನ್ ಸಿಕ್ಕಿ, ಅದರಲ್ಲಿ ಟಚ್‌ಡೌನ್ ಬಂದು, 33-31ರಿಂದ ಗೆದ್ದಿತು. ಕೊಲರಾಡೊ ಗೆಲುವನ್ನು ಉಳಿಸಿಕೊಂಡಿತು. ಆ ವರ್ಷದ ರಾಷ್ಟ್ರೀಯ ಚಾಂಪಿಯನ್ ಪಟ್ಟವನ್ನು ಜಾರ್ಜಿಯಾ ಟೆಕ್‌ನೊಂದಿಗೆ ಹಂಚಿಕೊಂಡಿತು. ಪಂದ್ಯ ಮುಗಿದಾಗ ಮೈದಾನದ ದುಃಸ್ಥಿತಿಯನ್ನು ದೂರಿದ್ದ ಕೋಚ್ ಬಿಲ್ ಮೆಕಾರ್ಟ್ನಿ ಆ ಗೆಲುವಿನ ಬಗ್ಗೆ ಪಶ್ಚಾತ್ತಾಪ ಹೇಳಿಕೊಂಡದ್ದು ವರ್ಷಗಳ ನಂತರ. ಕಾನೂನಿನ ಪ್ರಕಾರ ಕೊಲರಾಡೊ ಮಾಡಿದ್ದರಲ್ಲಿ ತಪ್ಪಿಲ್ಲ. ಆದರೆ ಹತ್ತೊಂಬತ್ತು ವರ್ಷದ ಹುಡುಗರು ಕ್ರೀಡಾ ಮನೋಭಾವವನ್ನು ಕಲಿಯುವುದು ಅವರ ಮೇಲಿನವರು ಇಂಥ ದಿನ ಆಡುವ ಮಾತುಗಳಿಂದ, ಮತ್ತು 1940ರ ಕಾರ್ನೆಲ್ ಆಟಗಾರರು ಆ ವಾರ ಕಲಿತದ್ದನ್ನು ಯಾವ ತರಗತಿಯೂ ಕಲಿಸಲಾರದು ಎಂದು ನಾನು ನಂಬುತ್ತೇನೆ.

ಇದರ ಎದುರಿಗೆ ನಿಮ್ಮ ರಾಜ್ಯದಲ್ಲಿಯೇ 2024ರ ನವೆಂಬರ್ 30ರಂದು ಕಂಡದ್ದನ್ನು ಇಟ್ಟು ನೋಡಿ. ಮಿಷಿಗನ್ ತಂಡ ಒಹಾಯೊ ಸ್ಟೇಟನ್ನು 13-10ರಿಂದ ಸೋಲಿಸಿ, ಅವರ ಮೈದಾನದ ನಡುವೆ ತನ್ನ ಬಾವುಟ ನೆಡಲು ಹೋಗಿ, ಎರಡೂ ಕಡೆಯವರು ಕೈಕೈ ಮಿಲಾಯಿಸಿ, ಪೊಲೀಸರು ಪೆಪ್ಪರ್ ಸ್ಪ್ರೇ ಬಳಸಬೇಕಾಯಿತು. ಲೀಗು ಎರಡೂ ವಿಶ್ವವಿದ್ಯಾಲಯಗಳಿಗೆ ತಲಾ ಒಂದು ಲಕ್ಷ ಡಾಲರ್ ದಂಡ ಹಾಕಿತು. ಹಗೆಯೆಂದರೆ ಸೇನೆ ಮತ್ತು ನೌಕಾಪಡೆಯ ಅಕಾಡೆಮಿಗಳ ನಡುವಿನ ಫುಟ್‌ಬಾಲ್ ಹಗೆಯೂ ಒಂದು ಶತಮಾನಕ್ಕಿಂತ ಹಳೆಯದು. ಅಲ್ಲಿ ಪಂದ್ಯ ಮುಗಿದೊಡನೆ ಎರಡೂ ತಂಡಗಳು ಒಟ್ಟಾಗಿ ಮೊದಲು ಸೋತವರ ವಿದ್ಯಾರ್ಥಿಗಳ ಎದುರು ನಿಂತು ಅವರ ಅಕಾಡೆಮಿಯ ಗೀತೆಯನ್ನು ಕೇಳಿ, ಬಳಿಕವೇ ಗೆದ್ದವರ ಕಡೆಗೆ ನಡೆಯುತ್ತವೆ. ಗೆದ್ದವನಿಗೆ ಶಿಳ್ಳೆಯ ನಂತರ ಮಾಡಲು ಒಂದು ಗೊತ್ತಾದ ಕೆಲಸವಿದೆ. ಬಾವುಟ ಹುಡುಕಲು ಅವನಿಗೆ ಬಿಡುವೇ ಇಲ್ಲ.

ಕೋಚ್‌ಗೆ ಫೋನ್ ಮಾಡಬೇಡಿ. ಹದಿನೆಂಟು ದಾಟಿ ಕಾಲೇಜಿಗೆ ಸೇರಿದ ವಿದ್ಯಾರ್ಥಿಯ ಶೈಕ್ಷಣಿಕ ದಾಖಲೆಗಳ ಹಕ್ಕನ್ನೂ ಅಮೆರಿಕದ ಕಾನೂನು 1974ರಿಂದ ಪೋಷಕರ ಕೈಯಿಂದ ತೆಗೆದು ವಿದ್ಯಾರ್ಥಿಗೆ ಕೊಟ್ಟಿದೆ. ಯಾರು ಎಷ್ಟು ಹೊತ್ತು ಆಡಬೇಕೆಂಬ ಮಾತಂತೂ ಆಟಗಾರ ಮತ್ತು ಕೋಚ್ ನಡುವಿನದು. ನೀವು ಫೋನ್ ಮಾಡಿದರೆ, ಅವನಿಗೆ ಯಾವುದು ಇಲ್ಲವೆಂದು ಕೋಚ್ ಹೇಳಿದರೋ ಅದನ್ನು ತೋರಿಸುವ ಅವಕಾಶವನ್ನು ನೀವೇ ಕಸಿದುಕೊಂಡಂತಾಗುತ್ತದೆ. ಅವನೇ ಕೋಚ್‌ನ ಕೊಠಡಿಗೆ ಹೋಗಿ ಎರಡು ಪ್ರಶ್ನೆ ಕೇಳಲಿ: ನಾನು ಮತ್ತೆ ಆಡಲು ಯಾವುದನ್ನು ಮಾಡಿ ತೋರಿಸಬೇಕು, ಅದನ್ನು ಕಲಿಯಲು ನೀವು ಯಾವ ನೆರವು ಕೊಡುತ್ತೀರಿ? ಎರಡನೆಯದಕ್ಕೆ ಕೋಚ್ ಬಳಿ ಉತ್ತರವೇ ಇಲ್ಲದಿದ್ದರೆ, ಋತು ಮುಗಿದ ಮೇಲೆ ಬೇರೆ ಕಾಲೇಜಿನ ಮಾತನ್ನು ಶಾಂತವಾಗಿ ಎತ್ತಿಕೊಳ್ಳಬಹುದು. ಒಂದು ಅಪವಾದವಿದೆ: ಜನಾಂಗದ ಹೀಯಾಳಿಕೆಯ ದೂರನ್ನು ಅವನು ಬರೆದು ಕೊಟ್ಟ ಮೇಲೂ ಕಾಲೇಜು ಅದನ್ನು ಕೈಗೆತ್ತಿಕೊಳ್ಳದಿದ್ದರೆ, ಅವನ ಒಪ್ಪಿಗೆ ಪಡೆದು ನೀವು ಕ್ರೀಡಾ ನಿರ್ದೇಶಕರಿಗೆ ಬರೆಯಿರಿ.

ಕೊನೆಯ ಪ್ರಶ್ನೆಗೆ ನನ್ನ ಉತ್ತರ, ಖಂಡಿತವಾಗಿ ಹೋಗಿ. ಅವನ ತಾಯಿಯೂ ಬರಲಿ. ಹೊರಗೆ ಕೂತ ಆಟಗಾರನನ್ನು ಪಂದ್ಯದುದ್ದಕ್ಕೂ ಗಮನಿಸುವವರು ಕೋಚ್ ಮತ್ತು ಅವನ ಮನೆಯವರು ಮಾತ್ರ. 2018ರ ಜನವರಿ 8ರಂದು ರಾಷ್ಟ್ರೀಯ ಚಾಂಪಿಯನ್‌ಷಿಪ್ ಪಂದ್ಯದಲ್ಲಿ ಅಲಬಾಮಾ ತಂಡ ಜಾರ್ಜಿಯಾ ವಿರುದ್ಧ 13-0ರಿಂದ ಹಿಂದಿದ್ದಾಗ, ಅಲ್ಲಿಯವರೆಗೆ ತಾನು ಆರಂಭಿಸಿದ ಪಂದ್ಯಗಳಲ್ಲಿ ಎರಡನ್ನು ಮಾತ್ರ ಸೋತಿದ್ದ ತಂಡದ ಆಕ್ರಮಣ ನಡೆಸುವ ಕ್ವಾರ್ಟರ್‌ಬ್ಯಾಕ್ ಜೇಲನ್ ಹರ್ಟ್ಸ್‌ನನ್ನು ಕೋಚ್ ನಿಕ್ ಸೇಬನ್ ಅರ್ಧ ಪಂದ್ಯದಲ್ಲಿ ಕೂರಿಸಿ, ಮೊದಲ ವರ್ಷದ ಟುವಾ ಟಾಂಗೊವೈಲೊವಾನನ್ನು ಇಳಿಸಿದರು. ಟುವಾ ಹೆಚ್ಚುವರಿ ಅವಧಿಯಲ್ಲಿ 41 ಗಜಗಳ ಪಾಸ್ ಎಸೆದು 26-23ರಿಂದ ಗೆಲ್ಲಿಸಿದ. ಆಗ ಬದಿಗೆರೆಯಲ್ಲಿ ಹರ್ಟ್ಸ್ ತಂಡದವರೊಡನೆ ಕುಣಿದಾಡುತ್ತಿದ್ದ. ಎಲ್ಲರೂ ಅವನು ತಂಡ ಬಿಡುತ್ತಾನೆಂದುಕೊಂಡರು. ಅವನು ಉಳಿದ, ಇಡೀ ಋತು ಎರಡನೆಯವನಾಗಿ ಕಾದ, ಆ ವರ್ಷದ ಡಿಸೆಂಬರ್ 1ರಂದು ಅಟ್ಲಾಂಟಾದ ಅದೇ ಮೈದಾನದಲ್ಲಿ, ಅದೇ ಜಾರ್ಜಿಯಾ ವಿರುದ್ಧ, ಟುವಾ ಗಾಯಗೊಂಡು ತಂಡ ಹಿಂದಿದ್ದಾಗ ನಾಲ್ಕನೆಯ ಕ್ವಾರ್ಟರಿನಲ್ಲಿ ಇಳಿದು 35-28ರಿಂದ ಗೆಲ್ಲಿಸಿದ. ಪದವಿ ಮುಗಿಸಿದ ಮೇಲೆಯೇ ಒಕ್ಲಹೋಮಾಕ್ಕೆ ಹೋದ.

ನಿಮ್ಮ ಮಗ ಹರ್ಟ್ಸ್ ಆಗಬೇಕಿಲ್ಲ. ಆದರೆ ಈ ಶನಿವಾರ ನೀವು ಮೆಟ್ಟಿಲುಗಳಲ್ಲಿ ಕುಳಿತಾಗ ಚೆಂಡನ್ನು ಬಿಟ್ಟು ಅವನನ್ನೇ ನೋಡಿ: ತನ್ನ ಜಾಗದಲ್ಲಿ ಆಡುತ್ತಿರುವ ಹುಡುಗ ಹೊರಬಂದಾಗ ಅವನಿಗೆ ನೀರು ಕೊಡುತ್ತಾನೆಯೇ, ಎದುರಾಳಿಗಳ ಸಾಲುಗಟ್ಟುವಿಕೆಯಲ್ಲಿ ತಾನು ಕಂಡದ್ದನ್ನು ಅವನಿಗೆ ಹೇಳುತ್ತಾನೆಯೇ, ಇಲ್ಲ ಹೆಲ್ಮೆಟ್ ಕೆಳಗಿಟ್ಟು ಎಲ್ಲರಿಂದ ದೂರ ನಿಂತಿದ್ದಾನೆಯೇ. ಪಂದ್ಯ ಮುಗಿದ ಮೇಲೆ ಫಲಿತಾಂಶ ಏನೇ ಇದ್ದರೂ ಅವನನ್ನು ಊಟಕ್ಕೆ ಕರೆದುಕೊಂಡು ಹೋಗಿ, ಆ ದಂಡದ ಮಾತನ್ನು ಅವನೇ ಎತ್ತುವವರೆಗೆ ಕಾಯಿರಿ.